ಸೈಲೆನ್ಸರಿನ ವಾಲ್ವ್ ಕಚ್ಚಿಕೊಂಡಾಗ: ಕರಾವಳಿಯ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿಗೆ ದೋಷ ನಿವಾರಣೆ ಕೈಪಿಡಿ

ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಎಂಟು ಹತ್ತು ವರ್ಷ ಓಡಿದ ಸ್ಪೋರ್ಟ್ಸ್ ಕಾರು ಮಂಗಳೂರಿಗೆ ಬಂದು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಸೈಲೆನ್ಸರಿನ ವಾಲ್ವು ತಕರಾರು ತೆಗೆಯುತ್ತದೆ. ಸ್ಪೋರ್ಟ್ ಬಟನ್ ಒತ್ತಿದರೂ ಸದ್ದು ಬದಲಾಗುವುದಿಲ್ಲ. ಇಲ್ಲವೇ ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಇಡೀ ವಠಾರ ಎದ್ದು ಕೂರುವಷ್ಟು ಗದ್ದಲ, ಬಟನ್ ಆಫ್ ಮಾಡಿದರೂ ಅದೇ. ವರ್ಕ್‌ಶಾಪಿನಲ್ಲಿ ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ: ವಾಲ್ವ್ ಬಿಡಿಯಾಗಿ ಬರುವುದಿಲ್ಲ, ಸೈಲೆನ್ಸರನ್ನೇ ಬದಲಿಸಬೇಕು. ಬಿಡಿಯಾಗಿ ಬರುವುದಿಲ್ಲ ಎಂಬುದು ಅನೇಕ ಮಾದರಿಗಳಲ್ಲಿ ನಿಜ. ಬದಲಿಸಲೇಬೇಕು ಎಂಬುದು ಅವಸರದ ಮಾತು. ಗಟ್ಟಿಯಾಗಿ ಒಡೆದುಹೋದ ರಬ್ಬರ್ ಪೈಪೋ ಮಸಿ ಕಟ್ಟಿದ ಶಾಫ್ಟೋ ಕಾರಣವಾಗಿದ್ದಲ್ಲಿಯೂ ಸೈಲೆನ್ಸರ್ ಬದಲಾದದ್ದುಂಟು.

ಆದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು: ಲಿಂಕ್ ರಾಡ್ ಬಿಚ್ಚಿ, ವಾಲ್ವನ್ನೂ ಅದನ್ನು ಎಳೆಯುವ ಡಬ್ಬಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವವರೆಗೆ ಯಾವ ಬಿಡಿಭಾಗಕ್ಕೂ ಆರ್ಡರ್ ಕೊಡಬೇಡಿ.

ಇಲ್ಲಿ ಹೇಳುತ್ತಿರುವುದು ಎಂಜಿನ್ ಹೆಡ್ಡಿನೊಳಗಿನ ಎಕ್ಸಾಸ್ಟ್ ವಾಲ್ವಿನ ವಿಷಯ ಅಲ್ಲ. ಅದು ಕಚ್ಚಿದರೆ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತದೆ, ಕಂಪ್ರೆಶನ್ ಬೀಳುತ್ತದೆ, ಚೆಕ್ ಎಂಜಿನ್ ದೀಪ ಮಿನುಗುತ್ತದೆ. ಹಾಗಿದ್ದರೆ ಗಾಡಿ ಓಡಿಸುವುದನ್ನೇ ನಿಲ್ಲಿಸಿ. ಈ ಕೈಪಿಡಿ ಹಿಂಬದಿಯ ಸೈಲೆನ್ಸರಿನಲ್ಲಿ ಕೂತು ಸದ್ದನ್ನು ಹಿಡಿದು ಬಿಡುವ ಫ್ಲಾಪ್ ವಾಲ್ವಿನದ್ದು.

ಒಳಗೆ ಏನು ನಡೆಯುತ್ತದೆ

ಪೈಪಿನೊಳಗೆ ಒಂದು ದುಂಡು ತಟ್ಟೆ. ಅದನ್ನು ಹಿಡಿದ ಶಾಫ್ಟು ಎರಡು ಬುಷ್‌ಗಳಲ್ಲಿ, ಅಂದರೆ ಅದನ್ನು ಹಿಡಿದಿಡುವ ಬಳೆಗಳಲ್ಲಿ, ತಿರುಗುತ್ತದೆ. ಶಾಫ್ಟಿನ ಹೊರತುದಿಯಲ್ಲಿ ಪುಟ್ಟ ಲಿವರ್, ಲಿವರಿಗೆ ರಾಡ್, ರಾಡಿನ ಆಚೆ ತುದಿಯಲ್ಲಿ ಆಕ್ಚುಯೇಟರ್, ಅಂದರೆ ಅದನ್ನು ಎಳೆಯುವ ಡಬ್ಬಿ. ತಟ್ಟೆ ಮುಚ್ಚಿದ್ದರೆ ಹೊಗೆ ಸೈಲೆನ್ಸರಿನ ಕೋಣೆಗಳನ್ನೆಲ್ಲ ಸುತ್ತಿ ಬರಬೇಕು. ತೆರೆದರೆ ಅಡ್ಡದಾರಿ ಹಿಡಿದು ನೇರ ಹೊರಗೆ.

ಆಕ್ಚುಯೇಟರಿನಲ್ಲಿ ಎರಡು ಜಾತಿ. ಫೆರಾರಿ 360, ಎಫ್430, ಪೋರ್ಷೆ 997ರ ಸ್ಪೋರ್ಟ್ಸ್ ಎಕ್ಸಾಸ್ಟ್‌ನಂಥವುಗಳಲ್ಲಿ ಎಂಜಿನ್ನಿನ ವ್ಯಾಕ್ಯೂಮ್, ಅಂದರೆ ಗಾಳಿ ಹೀರುವ ಎಳೆತ, ಡಬ್ಬಿಯೊಳಗಿನ ಡಯಾಫ್ರಮ್ ಎಂಬ ರಬ್ಬರ್ ಪೊರೆಯನ್ನು ಎಳೆಯುತ್ತದೆ. ಹೊಸ ಕಾರುಗಳಲ್ಲಿ ಹೆಚ್ಚಾಗಿ ವಿದ್ಯುತ್ ಮೋಟರ್. ವ್ಯಾಕ್ಯೂಮ್ ಜಾತಿಯಲ್ಲಿ ಒಂದು ಮಾತು ನೆನಪಿರಲಿ. ಬಹುಪಾಲು ಕಾರುಗಳಲ್ಲಿ ತೆರೆಯುವುದು ಸ್ಪ್ರಿಂಗ್, ಮುಚ್ಚುವುದು ವ್ಯಾಕ್ಯೂಮ್. ಎಲ್ಲಾದರೂ ಸೋರಿದರೆ ವಾಲ್ವ್ ತೆರೆದೇ ಉಳಿಯುತ್ತದೆ, ಸದ್ದು ಜಾಸ್ತಿಯಾಗುತ್ತದೆ, ಎಂಜಿನ್ನಿಗೆ ಅಪಾಯ ಇಲ್ಲ. ಆದ್ದರಿಂದ ಯಾವಾಗಲೂ ಗದ್ದಲ ಎಂದರೆ ಮೊದಲು ಪೈಪುಗಳ ಕಡೆ ನೋಡಿ, ಯಾವಾಗಲೂ ಮೌನ ಎಂದರೆ ಶಾಫ್ಟಿನ ಕಡೆ. ಇಷ್ಟು ತಿಳಿದರೆ ಅರ್ಧ ಹುಡುಕಾಟ ಮುಗಿದ ಹಾಗೆ.

ನಮ್ಮ ಕಡೆಯೇ ಇದು ಹೆಚ್ಚು ಯಾಕೆ ಎಂದರೆ, ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಎಕ್ಸಾಸ್ಟಿಗೆ ಬರುತ್ತದೆ. ಕದ್ರಿಯಿಂದ ಹಂಪನಕಟ್ಟೆಗೆ ಹೋಗಿ ಬಂದರೆ ಸೈಲೆನ್ಸರ್ ಪೂರ್ತಿ ಬಿಸಿಯೇ ಆಗುವುದಿಲ್ಲ, ಆ ನೀರು ಒಳಗೇ ತಂಗುತ್ತದೆ. ಹೊರಗಿನಿಂದ ಸುರತ್ಕಲ್, ಉಳ್ಳಾಲ, ಮಲ್ಪೆ, ಕಾಪುವಿನ ಉಪ್ಪುಗಾಳಿ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎಂಬುದು ಅಡುಗೆಮನೆಯ ಮಟ್ಟಿಗೆ ಸರಿ. ಉಪ್ಪಿನ ಕ್ಲೋರೈಡ್ ಅದರ ಮೇಲ್ಪದರವನ್ನು ಚುಕ್ಕೆ ಚುಕ್ಕೆಯಾಗಿ ಕೊರೆಯುತ್ತದೆ. ಅದಕ್ಕೆ ಮಸಿ ಸೇರಿದರೆ ಬುಷ್ ಮತ್ತು ಶಾಫ್ಟಿನ ಸಂದು ತುಂಬಿ ಕಲ್ಲಾಗುತ್ತದೆ. ಸಂದು ದೊಡ್ಡದೇನಲ್ಲ. 8 ಮಿ.ಮೀ. ಸ್ಟೇನ್‌ಲೆಸ್ ಶಾಫ್ಟ್ 400 ಡಿಗ್ರಿಯಷ್ಟು ಬಿಸಿ ಏರಿದರೆ ತಾನೇ ಸುಮಾರು 0.05 ಮಿ.ಮೀ. ಹಿಗ್ಗುತ್ತದೆ. ತಣ್ಣಗಿದ್ದಾಗ ಸಲೀಸಾಗಿ ತಿರುಗಿದ ವಾಲ್ವ್ ಶಿರಾಡಿ ಘಾಟಿ ಹತ್ತಿದ ಮೇಲೆ ಕಚ್ಚಿಕೊಳ್ಳುವುದಕ್ಕೆ ಕಾರಣ ಇದೇ.

ಗಾಡಿ ಎತ್ತುವ ಮೊದಲು ನೋಡಬೇಕಾದದ್ದು

ಟೇಲ್‌ಪೈಪಿನ ಬಾಯಿಯೇ ಅರ್ಧ ಕತೆ ಹೇಳುತ್ತದೆ. ಎರಡು ಕಡೆ ಪೈಪಿರುವ ಕಾರಿನಲ್ಲಿ ಒಂದರ ಒಳಗೋಡೆ ಒಣಗಿದ ಕಪ್ಪು ಮಸಿ, ಇನ್ನೊಂದರದ್ದು ಕಂದು ಬಣ್ಣ ಮತ್ತು ನೀರಿನ ಕಲೆ ಎಂದಾದರೆ, ಒಂದು ಕಡೆಯ ವಾಲ್ವ್ ಮಾತ್ರ ಕೆಲಸ ಮಾಡುತ್ತಿದೆ. ಎಂಜಿನ್ ಐಡಲ್‌ನಲ್ಲಿರುವಾಗ ಬಾಯಿಯಿಂದ ಒಂದು ಅಡಿ ದೂರ ಟಿಶ್ಯೂ ಕಾಗದ ಹಿಡಿದು ಎರಡೂ ಕಡೆಯ ಒತ್ತಡ ಹೋಲಿಸಿ. ಕೈ ಹತ್ತಿರ ತರಬೇಡಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಉಳಿದ ಲಕ್ಷಣಗಳು. ಮೇಲಿನ ಆರ್‌ಪಿಎಂನಲ್ಲಿ ಕಾರು ಉಸಿರುಗಟ್ಟಿದಂತೆ ಎಳೆದರೆ ವಾಲ್ವ್ ಮುಚ್ಚಿ ಕಚ್ಚಿದೆ. ಒಂದು ನಿರ್ದಿಷ್ಟ ಆರ್‌ಪಿಎಂನಲ್ಲಿ ಮಾತ್ರ ತಗಡು ಅಲ್ಲಾಡಿದ ಹಾಗೆ ಗಿಲಿಗಿಲಿ ಎಂದರೆ ಬುಷ್ ಸವೆದು ಶಾಫ್ಟಿಗೆ ಆಟ ಬಂದಿದೆ. ಅದು ಕಚ್ಚಿಕೊಂಡ ವಾಲ್ವ್ ಅಲ್ಲ, ಎಣ್ಣೆ ಹಾಕಿ ಪ್ರಯೋಜನವಿಲ್ಲ. ಐಡಲ್ ಏರಿಳಿಯುತ್ತಿದ್ದು ಸ್ಕ್ಯಾನರಿನಲ್ಲಿ ಪಿ0171 ಅಥವಾ ಪಿ0174 ಎಂಬ ದೋಷ ಸಂಕೇತ ಬಂದರೆ ಎಂಜಿನ್ನಿಗೆ ಲೆಕ್ಕವಿಲ್ಲದ ಗಾಳಿ ಹೋಗುತ್ತಿದೆ. ಹರಿದ ಡಯಾಫ್ರಮ್ಮೋ ಜಾರಿದ ಪೈಪೋ ಇರಬಹುದು.

ಮೋಸ ಮಾಡುವ ಲಕ್ಷಣವೂ ಒಂದುಂಟು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸದ್ದು ತೆರೆದುಕೊಳ್ಳುತ್ತದೆ, ಕಾಲು ತೆಗೆದ ಕೂಡಲೇ ಮುಚ್ಚುತ್ತದೆ, ಬಟನ್ನಿಗೂ ಇದಕ್ಕೂ ಸಂಬಂಧವೇ ಇಲ್ಲ. ಓಡಿಸುವವರಿಗೆ ಇದು ಖುಷಿ, ಸರಿಯಾಗಿಯೇ ಇದೆ ಎಂದುಕೊಳ್ಳುತ್ತಾರೆ. ಅಸಲಿಗೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ಕೆಟ್ಟಿದೆ. ಥ್ರಾಟಲ್ ಪೂರ್ತಿ ತೆರೆದಾಗ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ. ಆಗ ವ್ಯಾಕ್ಯೂಮಿಗೆಂದೇ ಇರುವ ಟ್ಯಾಂಕಿನಲ್ಲಿ ಕೂಡಿಟ್ಟ ವ್ಯಾಕ್ಯೂಮ್ ಹಿಂದಕ್ಕೆ ಹೋಗದಂತೆ ತಡೆಯಬೇಕಾದದ್ದು ಈ ಹತ್ತು ಗ್ರಾಮಿನ ಪ್ಲಾಸ್ಟಿಕ್ ತುಂಡು. ಮ್ಯಾನಿಫೋಲ್ಡಿನಿಂದ ವ್ಯಾಕ್ಯೂಮ್ ತೆಗೆಯುವ ಟರ್ಬೋ ಕಾರಿನಲ್ಲಿ ಇದು ಕೆಟ್ಟರೆ ಟರ್ಬೋದ ಗಾಳಿ ಒತ್ತಡ ಹಿಮ್ಮುಖವಾಗಿ ನುಗ್ಗಿ ಡಯಾಫ್ರಮ್ಮನ್ನೇ ಹರಿಯಬಹುದು.

ಇನ್ನೂ ಖರೀದಿಸಿಲ್ಲ, ನೋಡಲು ಹೋಗಿದ್ದೀರಿ ಎಂದಾದರೆ ಟಾರ್ಚ್ ಹಿಡಿದು ಹಿಂದಿನ ಮಾಲೀಕರ ಕೈಚಳಕ ಹುಡುಕಿ: ವ್ಯಾಕ್ಯೂಮ್ ಪೈಪಿನ ಬಾಯಿಗೆ ತುರುಕಿದ ಸ್ಕ್ರೂ, ಲಿವರಿಗೆ ಬಿಗಿದ ತಂತಿ, ಎಲ್ಲೋ ಅಂಟಿಸಿದ ರಿಮೋಟ್ ಪೆಟ್ಟಿಗೆ, ವೆಲ್ಡ್ ಮಾಡಿ ನಿಲ್ಲಿಸಿದ ತಟ್ಟೆ. ಕೊನೆಯದ್ದು ಕಾಣಬೇಕಾದರೆ ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಬೇಕು.

ಬೇಕಾಗುವ ಸಾಮಾನು

ಗೇಜ್ ಇರುವ ಕೈ ವ್ಯಾಕ್ಯೂಮ್ ಪಂಪ್, ಮಲ್ಟಿಮೀಟರ್, ಸ್ಕ್ಯಾನರ್, ಪೆನೆಟ್ರೇಟಿಂಗ್ ಆಯಿಲ್, ನಿಕಲ್ ಆಂಟಿ ಸೀಝ್ (ಲೋಹ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್), ಹಿತ್ತಾಳೆಯ ಬ್ರಶ್ಶು, 200 ಗ್ರಾಮಿನ ಸುತ್ತಿಗೆ, 8, 10, 13 ಮಿ.ಮೀ. ಸಾಕೆಟ್‌ಗಳು, ಉದ್ದ ಮೂತಿಯ ಇಕ್ಕಳ, ಒಳವ್ಯಾಸ 4 ಮಿ.ಮೀ. ಇರುವ ಸಿಲಿಕೋನ್ ಪೈಪ್ ಮೂರು ಮೀಟರ್, ಎರಡು ಆಕ್ಸಲ್ ಸ್ಟ್ಯಾಂಡು. ಪಂಪ್ ಇಲ್ಲದೆ ವ್ಯಾಕ್ಯೂಮ್ ಕೆಲಸಕ್ಕೆ ಇಳಿಯಬೇಡಿ. ಬಾಯಿಯಿಂದ ಹೀರಿ ನೋಡಿದರೆ ಸಣ್ಣ ಸೋರಿಕೆ ಗೊತ್ತಾಗುವುದೇ ಇಲ್ಲ.

ಮುರಕಲ್ಲು ಹಾಸಿದ ಅಂಗಳದಲ್ಲಿ, ಅದರಲ್ಲೂ ಮಳೆ ಕುಡಿದ ಕಲ್ಲಿನ ಮೇಲೆ, ಸ್ಟ್ಯಾಂಡಿನ ಕಾಲು ನೇರವಾಗಿ ಊರಬೇಡಿ, ಹೂತುಹೋಗುತ್ತದೆ. 18 ಮಿ.ಮೀ. ಪ್ಲೈವುಡ್ಡಿನ ತುಂಡು ಕೆಳಗಿಡಿ. ತಗ್ಗಿನ ಕಾರಿನಲ್ಲಿ ಜ್ಯಾಕ್ ಕೊಡುವ ಜಾಗ ಮಾಲೀಕರ ಕೈಪಿಡಿಯಲ್ಲಿ ಹೇಳಿದ್ದೇ ಆಗಿರಬೇಕು. ಎಕ್ಸಾಸ್ಟ್ ತಣಿಯಲು ಮೂರು ಗಂಟೆ ಬಿಡಿ.

ರಾಡ್ ಬಿಚ್ಚುವುದು

ರಾಡ್ ಲಿವರಿಗೆ ಸೇರುವಲ್ಲಿ ಸಣ್ಣ ಇ-ಕ್ಲಿಪ್ ಇರುತ್ತದೆ. ಅದು ಹಾರಿಹೋದರೆ ಅಂಗಳದ ಹುಲ್ಲಿನಲ್ಲಿ ಸಿಗುವ ವಸ್ತುವಲ್ಲ. ತೆಗೆಯುವ ಮೊದಲು ಅದಕ್ಕೆ ನೂಲು ಕಟ್ಟಿ. ಕ್ಲಿಪ್ ಇಲ್ಲದೆ ಥ್ರೆಡ್ ಇರುವ ರಾಡ್ ಆಗಿದ್ದರೆ ಹೊರಗೆ ಕಾಣುವ ಥ್ರೆಡ್ಡಿನ ಉದ್ದವನ್ನು ವರ್ನಿಯರಿನಲ್ಲಿ ಅಳೆದು ಬರೆದಿಡಿ. ಆ ಅಳತೆ ತಪ್ಪಿದರೆ ತಟ್ಟೆ ಪೂರ್ತಿ ಮುಚ್ಚುವುದೂ ಇಲ್ಲ, ಪೂರ್ತಿ ತೆರೆಯುವುದೂ ಇಲ್ಲ.

ಈಗ ಲಿವರನ್ನು ಬೆರಳಿನಿಂದ ತಿರುಗಿಸಿ. ಆರೋಗ್ಯವಂತ ಶಾಫ್ಟ್ ಎರಡು ಬೆರಳಿನ ಬಲಕ್ಕೆ ಕೊನೆಯಿಂದ ಕೊನೆಗೆ ಒಂದೇ ಸಮನೆ ತಿರುಗಬೇಕು. ಮಧ್ಯದವರೆಗೆ ಬಂದು ನಿಂತರೆ ಪೈಪಿನ ಒಳಗೋಡೆಯಲ್ಲಿ ತಟ್ಟೆಯ ಅಂಚಿಗೆ ಮಸಿಯ ದಿಣ್ಣೆ ಕಟ್ಟಿದೆ. ಸ್ವಲ್ಪವೂ ಅಲ್ಲಾಡದಿದ್ದರೆ ಬುಷ್ ಕಚ್ಚಿದೆ. ಸಲೀಸಾಗಿ ತಿರುಗಿತೇ? ಹಾಗಾದರೆ ವಾಲ್ವಿನ ತಪ್ಪೇ ಇಲ್ಲ, ಮುಂದಿನ ಎರಡು ಭಾಗ ಓದಿ.

ವ್ಯಾಕ್ಯೂಮಿನ ದಾರಿ

ಆಕ್ಚುಯೇಟರಿನಿಂದ ಸುರುಮಾಡಿ ಎಂಜಿನ್ನಿನ ಕಡೆಗೆ ಹೋಗಿ. ಎಂಜಿನ್ನಿನಿಂದ ಸುರುಮಾಡಿದರೆ ಹತ್ತು ಕವಲು ಸಿಕ್ಕಿ ದಾರಿ ತಪ್ಪುತ್ತದೆ.

ಕೈಪಂಪನ್ನು ಡಬ್ಬಿಯ ಮೂತಿಗೆ ಜೋಡಿಸಿ 15 ಇಂಚು ಪಾದರಸದಷ್ಟು, ಅಂದರೆ ಸುಮಾರು 380 ಮಿ.ಮೀ., ಎಳೆಯಿರಿ. ರಾಡ್ ತಡೆಯಿಲ್ಲದೆ ಒಳಗೆ ಹೋಗಬೇಕು, ಮುಳ್ಳು ಒಂದು ನಿಮಿಷ ಕದಲಬಾರದು. ಇಳಿಯುತ್ತ ಹೋದರೆ ಡಯಾಫ್ರಮ್ ಹರಿದಿದೆ. ಡಬ್ಬಿ ಮಾತ್ರ ಬದಲಿಸಿ, ಹೆಚ್ಚಿನ ಮಾದರಿಗಳಲ್ಲಿ ಎರಡು ನಟ್ಟಿನ ಕೆಲಸ.

ಡಬ್ಬಿ ಸರಿ ಇದ್ದರೆ ಪೈಪನ್ನು ಗೇಜಿಗೆ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ, ವಾಲ್ವ್ ಮುಚ್ಚುವ ಮೋಡಿನಲ್ಲಿಡಿ. ಮಂಗಳೂರು ಸಮುದ್ರಮಟ್ಟದಲ್ಲಿರುವುದರಿಂದ ಟರ್ಬೋ ಇಲ್ಲದ ಆರೋಗ್ಯವಂತ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ 18ರಿಂದ 21 ಇಂಚು ತೋರಿಸಬೇಕು. ಮಡಿಕೇರಿಯಲ್ಲಿ ಅಳೆದರೆ ಇಷ್ಟು ಬರುವುದಿಲ್ಲ, ಎತ್ತರಕ್ಕೆ ಗಾಳಿಯ ಒತ್ತಡವೇ ಕಡಿಮೆ. ಮ್ಯಾನಿಫೋಲ್ಡಿನಲ್ಲಿ 20, ಡಬ್ಬಿಯ ಹತ್ತಿರ 8 ಎಂದರೆ ನಡುವೆ ಎಲ್ಲೋ ಸೋರುತ್ತಿದೆ.

ಸೋರುವ ಜಾಗಗಳು ಸಾಮಾನ್ಯವಾಗಿ ಮೂರು. ಬಿಸಿ ಸೈಲೆನ್ಸರಿನ ಮೇಲೆ ಹಾದುಹೋಗುವ ಕೊನೆಯ ಒಂದು ಅಡಿ ರಬ್ಬರ್ ಪೈಪು, ಮೂತಿಗೆ ಸಿಕ್ಕಿಸುವ ಮೊಣಕೈ ರಬ್ಬರ್, ಮತ್ತು ಟ್ಯಾಂಕಿನ ಪ್ಲಾಸ್ಟಿಕ್ ಜೋಡಣೆ. ಪೈಪನ್ನು ಬಗ್ಗಿಸಿ ನೋಡಿ, ಹಪ್ಪಳ ಮುರಿದಂತೆ ಸದ್ದು ಬಂದರೆ ಅದರ ಆಯುಷ್ಯ ಮುಗಿದಿದೆ. ಇವಲ್ಲದೆ ಮಳೆಗಾಲದ ಆಟಿ ತಿಂಗಳಲ್ಲಿ ಗಾಡಿ ಹೊರಗೆ ತೆಗೆಯದೆ ಶೆಡ್ಡಿನಲ್ಲಿಟ್ಟವರಿಗೆ ಇಲಿಯ ಕಾಟ. ಇಲಿ ಕಡಿದ ಪೈಪಿನ ಅಂಚು ಗರಗಸದ ಹಲ್ಲಿನಂತಿರುತ್ತದೆ, ಬಿಸಿಗೆ ಒಡೆದದ್ದು ಉದ್ದಕ್ಕೆ ಸೀಳುತ್ತದೆ.

ಹೊಸ ಪೈಪಿನ ಗೋಡೆ ಕನಿಷ್ಠ 2 ಮಿ.ಮೀ. ದಪ್ಪ ಇರಲಿ. ಮೀನಿನ ತೊಟ್ಟಿಯ ಗಾಳಿ ಪೈಪ್ ಒಳವ್ಯಾಸ ಸರಿಯಾಗಿಯೇ ಕೂರುತ್ತದೆ, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಅದೇ ಅಪಾಯ. ಬಿಸಿಗೆ ಮೆತ್ತಗಾಗಿ ವ್ಯಾಕ್ಯೂಮಿಗೆ ಚಪ್ಪಟೆಯಾಗುತ್ತದೆ. ಆಗ ಡಬ್ಬಿಯೊಳಗಿನ ವ್ಯಾಕ್ಯೂಮ್ ಹೊರಬರಲಾರದೆ ವಾಲ್ವ್ ಮುಚ್ಚಿಯೇ ಉಳಿಯುತ್ತದೆ, ನೀವು ಶಾಫ್ಟ್ ಕಚ್ಚಿದೆ ಎಂದುಕೊಳ್ಳುತ್ತೀರಿ. ಸಿಲಿಕೋನ್ ಪೈಪ್ ಮೂರು ಮೀಟರ್ ಹಾಕಿದರೂ ಖರ್ಚು ದೊಡ್ಡದಲ್ಲ, ನಾಲ್ಕು ಜನ ಗೋಳಿಬಜೆ ತಿಂದು ಚಹಾ ಕುಡಿದಷ್ಟು.

ಚೆಕ್ ವಾಲ್ವನ್ನು ಬಿಚ್ಚಿ ಪಂಪಿನಿಂದ ಎರಡೂ ದಿಕ್ಕಿನಲ್ಲಿ ಎಳೆಯಿರಿ. ಒಂದು ಕಡೆ ಹಿಡಿಯಬೇಕು, ಇನ್ನೊಂದು ಕಡೆ ಬಿಡಬೇಕು. ಎರಡೂ ಕಡೆ ಬಿಟ್ಟರೆ ಎಸೆಯಿರಿ. ಹೊಸದನ್ನು ತಿರುಗುಮುರುಗಾಗಿ ಹಾಕುವುದು ಬಹಳ ಸಾಮಾನ್ಯ ತಪ್ಪು. ಟ್ಯಾಂಕಿನಿಂದ ಎಂಜಿನ್ನಿನ ಕಡೆಗೆ ಗಾಳಿ ಹೋಗುವಂತೆ ಕೂರಿಸಿ.

ಸೊಲೆನಾಯ್ಡ್ ಮತ್ತು ವೈರು

ಸೊಲೆನಾಯ್ಡ್ ಎಂದರೆ ಡಬ್ಬಿಗೆ ವ್ಯಾಕ್ಯೂಮ್ ಕೊಡುವ, ತಡೆಯುವ ವಿದ್ಯುತ್ ವಾಲ್ವ್. ಅದಕ್ಕೆ ಮೂರು ಬಾಯಿ: ಎಂಜಿನ್ನಿನ ಕಡೆ, ಡಬ್ಬಿಯ ಕಡೆ, ಮತ್ತು ಹೊರಗಾಳಿಗೆ ತೆರೆದ ಒಂದು. ಮೂರನೆಯದನ್ನು ಯಾರೂ ನೋಡುವುದಿಲ್ಲ. ವಾಲ್ವ್ ತೆರೆಯಬೇಕಾದರೆ ಡಬ್ಬಿಯೊಳಗೆ ಹೊರಗಾಳಿ ನುಗ್ಗಬೇಕು, ಅದು ಬರುವುದು ಈ ದಾರಿಯಲ್ಲಿ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಈ ತೂತು ಕುಂಬಾರ ಹುಳುವಿಗೆ ಹೇಳಿ ಮಾಡಿಸಿದ ಮನೆ. ಒಂದು ಕಾಳಿನಷ್ಟು ಮಣ್ಣು ಸಾಕು, ವಾಲ್ವ್ ಮುಚ್ಚಿದ್ದು ಮತ್ತೆ ತೆರೆಯುವುದಿಲ್ಲ. ಧೂಳು ಕಟ್ಟಿದ ಫಿಲ್ಟರ್ ಸ್ಪಂಜಾದರೆ ತೆರೆಯುತ್ತದೆ, ಆದರೆ ಹತ್ತು ಹದಿನೈದು ಸೆಕೆಂಡು ತಡವಾಗಿ. ಪರೀಕ್ಷೆ ಸುಲಭ: ವಾಲ್ವ್ ಮುಚ್ಚಿರುವಾಗ ಡಬ್ಬಿಯ ಪೈಪ್ ಎಳೆಯಿರಿ. ಟಪ್ ಎಂದು ತೆರೆದರೆ ಶಾಫ್ಟ್ ಸರಿ, ಗಾಳಿಯ ದಾರಿ ಮುಚ್ಚಿದೆ.

12 ವೋಲ್ಟ್ ಕೊಟ್ಟಾಗ ಟಿಕ್ ಎಂದ ಮಾತ್ರಕ್ಕೆ ಸೊಲೆನಾಯ್ಡ್ ಸರಿ ಎಂದು ತೀರ್ಮಾನಿಸಬೇಡಿ. ಒಳಗಿನ ಸೀಟು ಸವೆದಿದ್ದರೂ ಟಿಕ್ ಎನ್ನುತ್ತದೆ. ಪಂಪ್ ಹಾಕಿ ಎರಡೂ ಸ್ಥಿತಿಯಲ್ಲಿ ಹಿಡಿಯುತ್ತದೆಯೇ ನೋಡಿ. ಕಾಯಿಲ್‌ನ ರೋಧ ಸಾಮಾನ್ಯವಾಗಿ 20ರಿಂದ 40 ಓಮ್. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಕನೆಕ್ಟರ್ ತೆಗೆದು ಪಿನ್ನಿನ ಮೇಲೆ ಹಸಿರು ಕಿಲುಬು ಇದೆಯೇ ನೋಡಿ, ಕರಾವಳಿಯಲ್ಲಿ ಇದು ನಿತ್ಯದ ಕಾಯಿಲೆ. ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು ಒಣಗಿಸಿ. ಅನೇಕ ಕಾರುಗಳಲ್ಲಿ ಒಂದು ಪಿನ್ನಿಗೆ ಇಗ್ನಿಶನ್ ಆನ್ ಆದಾಗ 12 ವೋಲ್ಟ್ ಸದಾ ಇರುತ್ತದೆ, ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಇನ್ನೊಂದು ಪಿನ್ನನ್ನು ಅರ್ಥ್ ಮಾಡಿ ಸೊಲೆನಾಯ್ಡ್ ನಡೆಸುತ್ತದೆ. ಆ ಎರಡನೆಯ ಪಿನ್ನಿಗೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಹಾಕಿ ಪರೀಕ್ಷಿಸಬೇಡಿ, ಇಸಿಯುವಿನ ಡ್ರೈವರ್ ಸುಟ್ಟೀತು. ಮಲ್ಟಿಮೀಟರ್ ಮಾತ್ರ. ಇನ್ನೊಂದು ಮಾತು: ಗಾಡಿ ನಿಂತಿರುವಾಗ ಬಟನ್ ಒತ್ತಿದರೂ ವಾಲ್ವ್ ತೆರೆಯದಂತೆ, ವೇಗ ಮತ್ತು ಆರ್‌ಪಿಎಂ ನೋಡಿಯೇ ತೆರೆಯುವಂತೆ ಪ್ರೋಗ್ರಾಮ್ ಮಾಡಿದ ಮಾದರಿಗಳೂ ಉಂಟು. ಇಲ್ಲದ ದೋಷ ಹುಡುಕುತ್ತ ದಿನ ಕಳೆಯಬೇಡಿ, ಸ್ಕ್ಯಾನರಿನ ಆಕ್ಚುಯೇಟರ್ ಟೆಸ್ಟ್ ಬಳಸಿ.

ಮೋಟರ್ ಇರುವ ಕಾರಿನಲ್ಲಿ ಇಗ್ನಿಶನ್ ಹಾಕಿದಾಗ ಅಥವಾ ಆಫ್ ಮಾಡಿದಾಗ ಹಿಂದಿನಿಂದ ಸಣ್ಣ ಗುಂಯ್ ಸದ್ದು ಬರಬೇಕು. ಗುಂಯ್ ಬದಲು ಟಕಟಕ ಎಂದರೆ ಶಾಫ್ಟ್ ಕಚ್ಚಿದ್ದು ಮೋಟರ್ ಒದ್ದಾಡುತ್ತಿದೆ, ಅಥವಾ ಒದ್ದಾಡಿ ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಹೋಗಿದೆ. ಮೋಟರ್ ಬಿಚ್ಚಿ, ನಡುವಿನ ಸ್ಪ್ರಿಂಗ್ ಕಪ್ಲಿಂಗ್ ತೆಗೆದು, ಶಾಫ್ಟನ್ನು ಇಕ್ಕಳದಿಂದ ಮೆಲ್ಲಗೆ ತಿರುಗಿಸಿ ನೋಡಿ. ಶಾಫ್ಟ್ ಬಿಡಿಸದೆ ಹೊಸ ಮೋಟರ್ ಕೂರಿಸಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಕೂರಿಸಿದ ಮೇಲೆ ಸ್ಕ್ಯಾನರಿನಲ್ಲಿ ಎರಡೂ ತುದಿಯ ಸ್ಥಾನ ಕಲಿಸಬೇಕಾದ ಕಾರುಗಳುಂಟು.

ಕಚ್ಚಿದ ಶಾಫ್ಟನ್ನು ಬಿಡಿಸುವುದು

ಇಲ್ಲಿ ಬೇಕಾದದ್ದು ತಾಳ್ಮೆ, ಬಲ ಅಲ್ಲ. ಎರಡು ದಿನ ಇಟ್ಟುಕೊಳ್ಳಿ.

ಶಾಫ್ಟಿಗೆ ಎರಡು ಬುಷ್. ಲಿವರ್ ಕಡೆಯದ್ದು ಹೊರಗೆ ಕಾಣುತ್ತದೆ. ಎದುರಿನದ್ದಕ್ಕೆ ಹೊರಗಿನಿಂದ ಟೋಪಿ ಮುಚ್ಚಿರುತ್ತದೆ. ಹೊರಗಿನಿಂದ ಎಷ್ಟು ಎಣ್ಣೆ ಹೊಡೆದರೂ ಆ ಕುರುಡು ಬುಷ್‌ಗೆ ಒಂದು ಹನಿಯೂ ಮುಟ್ಟುವುದಿಲ್ಲ. ಬಹಳ ಜನ ಸೋಲುವುದು ಇಲ್ಲೇ. ಸ್ಪ್ರೇಯ ಕೊಳವೆಗೆ ಉದ್ದದ ತೆಳು ಪೈಪ್ ಸಿಕ್ಕಿಸಿ, ಟೇಲ್‌ಪೈಪಿನ ಬಾಯಿಂದ ಒಳಗೆ ಬಿಟ್ಟು, ಎಂಡೋಸ್ಕೋಪಿನಲ್ಲಿ ನೋಡುತ್ತ ತಟ್ಟೆಯ ಎರಡೂ ತುದಿಗೆ, ಶಾಫ್ಟು ಗೋಡೆಯೊಳಗೆ ಹೋಗುವ ಸಂದಿಗೇ ಎಣ್ಣೆ ಬೀಳಬೇಕು.

ಒಮ್ಮೆಗೇ ಸುರಿಯುವುದಲ್ಲ. ಎರಡು ಸೆಕೆಂಡು ಸ್ಪ್ರೇ, ಅರ್ಧ ಗಂಟೆ ಬಿಡುವು, ಹೀಗೆ ನಾಲ್ಕು ಸಲ. ಪ್ರತಿ ಸಲವೂ ಬುಷ್ ಇರುವ ಉಬ್ಬಿನ ಮೇಲೆ ಸುತ್ತಿಗೆಯಿಂದ ಇಪ್ಪತ್ತು ಮೂವತ್ತು ಸಣ್ಣ ಏಟು, ಬಾಗಿಲು ತಟ್ಟಿದಷ್ಟೇ. ಆ ಕಂಪನಕ್ಕೆ ಎಣ್ಣೆ ಸಂದಿಯೊಳಗೆ ಇಳಿಯುತ್ತದೆ. ಶಾಫ್ಟಿನ ತುದಿಗೆ ಹೊಡೆಯಬೇಡಿ, ತುದಿ ಅರಳಿದರೆ ಮತ್ತೆ ಬುಷ್‌ನಲ್ಲಿ ತಿರುಗುವುದೇ ಇಲ್ಲ. ರಾತ್ರಿ ಹಾಗೇ ಬಿಡಿ.

ಮರುದಿನ ಲಿವರಿಗೆ ಇಕ್ಕಳ ಹಾಕಿ ಎರಡೂ ದಿಕ್ಕಿಗೆ ಆಡಿಸಿ. ಒಂದೇ ದಿಕ್ಕಿಗೆ ಎಳೆಯಬೇಡಿ. ಮೊದಲು ಎರಡು ಡಿಗ್ರಿ ಅಲ್ಲಾಡೀತು. ಅಲ್ಲಿಗೆ ನಿಲ್ಲಿಸಿ ಮತ್ತೆ ಎಣ್ಣೆ. ಕಂದು ನೀರು ಜಿನುಗಲು ಸುರುವಾದರೆ ಒಳಗಿನ ತುಕ್ಕು ಹೊರಡುತ್ತಿದೆ, ಕೆಲಸ ಆಗುತ್ತಿದೆ ಎಂದರ್ಥ. 15 ಸೆಂ.ಮೀ.ಗಿಂತ ಉದ್ದದ ಹಿಡಿ ಬಳಸಬೇಡಿ, ಅದಕ್ಕೆ ಪೈಪ್ ಸಿಕ್ಕಿಸಿ ಬಲ ಹೆಚ್ಚಿಸುವುದಂತೂ ಬೇಡ. ಲಿವರನ್ನು ಶಾಫ್ಟಿಗೆ, ತಟ್ಟೆಯನ್ನು ಶಾಫ್ಟಿಗೆ ಹಿಡಿದಿರುವುದು ಸಣ್ಣ ವೆಲ್ಡ್ ಚುಕ್ಕೆಗಳು. ಅವು ಹರಿದು ತಟ್ಟೆ ಸೈಲೆನ್ಸರಿನೊಳಗೆ ಬಿತ್ತೆಂದರೆ ವರ್ಕ್‌ಶಾಪ್ ಹೇಳಿದ್ದೇ ನಿಜವಾಗುತ್ತದೆ ಮಾರಾಯ್ರೆ.

ಎಣ್ಣೆಗೆ ಬಗ್ಗದಿದ್ದರೆ ಬಿಸಿ. ಬೆಂಕಿ ಉಗುಳುವ ಗ್ಯಾಸ್ ಟಾರ್ಚಿಗಿಂತ ಮೊದಲು ಎಂಜಿನ್ನಿನ ಬಿಸಿಯನ್ನೇ ಬಳಸಿ. ಸೈಲೆನ್ಸರಿಗೆ ಬಿದ್ದ ಎಣ್ಣೆಯನ್ನು ಪೂರ್ತಿ ಒರೆಸಿ, ಹೆದ್ದಾರಿ 66ರಲ್ಲಿ ಅರ್ಧ ಗಂಟೆ ಓಡಿಸಿ, ಪೂರ್ತಿ ತಣಿಯಲು ಬಿಟ್ಟು, ಮತ್ತೆ ಎಣ್ಣೆ. ಹಿಗ್ಗಿ ಕುಗ್ಗುವುದರಿಂದ ತುಕ್ಕಿನ ಪದರ ಬಿರಿಯುತ್ತದೆ. ಇಂಥ ಮೂರು ಸುತ್ತು ಒಂದು ಬೆಂಕಿಗಿಂತ ಮೇಲು. ಬಿಸಿ ಇರುವಾಗ ಸ್ಪ್ರೇ ಹೊಡೆಯಬೇಡಿ, ಹೊತ್ತಿಕೊಳ್ಳುತ್ತದೆ.

ಗ್ಯಾಸ್ ಟಾರ್ಚೇ ಬೇಕಾದರೆ ಸೈಲೆನ್ಸರನ್ನು ಕಾರಿನಿಂದ ಇಳಿಸಿಯೇ ಮಾಡಿ. ಡಯಾಫ್ರಮ್ ಡಬ್ಬಿ, ಮೋಟರ್, ಪೈಪು ಎಲ್ಲ ತೆಗೆದಿರಬೇಕು, ಎಣ್ಣೆ ಪೂರ್ತಿ ಒರೆಸಿರಬೇಕು, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಬೇಕು. ಬಿಸಿ ಮಾಡಬೇಕಾದದ್ದು ಬುಷ್‌ನ ಉಬ್ಬನ್ನು, ಶಾಫ್ಟನ್ನಲ್ಲ. ಹೊರಗಿನದ್ದು ಹಿಗ್ಗಿದರೆ ಸಂದು ದೊಡ್ಡದಾಗುತ್ತದೆ, ಶಾಫ್ಟ್ ಹಿಗ್ಗಿದರೆ ಇನ್ನೂ ಬಿಗಿಯಾಗುತ್ತದೆ. ಕೆಂಪಗೆ ಕಾಯಿಸಬೇಕಿಲ್ಲ. ಬೆಂಕಿ ತೆಗೆದು ಸ್ವಲ್ಪ ಹೊತ್ತಿನ ಮೇಲೆ ಮೇಣದ ಬತ್ತಿ ತಾಗಿಸಿದರೆ ಕರಗಿ ಸಂದಿಯೊಳಗೆ ಹೀರಿಕೊಳ್ಳುವಷ್ಟು ಸಾಕು. ಆ ಮೇಣ ಎಷ್ಟೋ ಸಲ ಸ್ಪ್ರೇ ಡಬ್ಬಿ ಮಾಡದ ಕೆಲಸ ಮಾಡುತ್ತದೆ. ನೀರು ಸುರಿದು ತಣಿಸಬೇಡಿ, ವೆಲ್ಡ್ ಬಿರಿಯುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತೊಳೆದ ಭಾಗಕ್ಕೆ ಬೆಂಕಿ ತೋರಿಸಲೇಬೇಡಿ, ಬಿಸಿಗೆ ಅದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ತಿರುಗತೊಡಗಿದ ಮೇಲೆ ಕೊನೆಯಿಂದ ಕೊನೆಗೆ ಐವತ್ತು ಸಲ ಆಡಿಸಿ. ತಟ್ಟೆಯ ಅಂಚಿನ ಮಸಿ ದಿಣ್ಣೆಯನ್ನು ಹಿತ್ತಾಳೆ ಬ್ರಶ್ಶಿನಿಂದ ಉಜ್ಜಿ ತೆಗೆಯಿರಿ. ಸಾದಾ ಕಬ್ಬಿಣದ ತಂತಿ ಬ್ರಶ್ ಬೇಡ. ಅದರ ಕಬ್ಬಿಣದ ಪುಡಿ ಸ್ಟೇನ್‌ಲೆಸ್ಸಿನಲ್ಲಿ ಹೂತು, ಮುಂದಿನ ಮಳೆಗಾಲಕ್ಕೆ ಹೊಸ ತುಕ್ಕಿನ ಬೀಜವಾಗುತ್ತದೆ.

ಇನ್ನು ಎಣ್ಣೆಯ ವಿಚಾರ. ಬಾಗಿಲ ತಿರುಗಣಿಗೆ ತೆಂಗಿನೆಣ್ಣೆ, ಸೈಕಲ್ ಚೈನಿಗೆ ಚಿಮಿಣಿ ಎಣ್ಣೆ ಹಾಕಿ ಅಭ್ಯಾಸವಾದ ಊರು ನಮ್ಮದು. ಇಲ್ಲಿ ಎರಡೂ ನಡೆಯುವುದಿಲ್ಲ. ತೆಂಗಿನೆಣ್ಣೆ ಹೊಗೆಯಾಗಿ, ಅಂಟಾಗಿ, ಕೊನೆಗೆ ವಾರ್ನಿಶ್ ಬಳಿದ ಹಾಗೆ ಗಟ್ಟಿಯಾಗುತ್ತದೆ. ಚಿಮಿಣಿ ಎಣ್ಣೆ ಆವಿಯಾಗಿ ಹೋಗುತ್ತದೆ. ಎಂಜಿನ್ ಆಯಿಲ್, ಸಾದಾ ಗ್ರೀಸ್ ಎರಡೂ ಸುಟ್ಟು ಇದ್ದಲಾಗುತ್ತವೆ. ಪೆನೆಟ್ರೇಟಿಂಗ್ ಆಯಿಲ್ ಬಿಡಿಸಲಿಕ್ಕೆ ಮಾತ್ರ, ಉಳಿಯುವ ಎಣ್ಣೆ ಅಲ್ಲ. ಕೊನೆಗೆ ಹಚ್ಚಬೇಕಾದದ್ದು 1,000 ಡಿಗ್ರಿ ದಾಟಿ ತಾಳುವ ನಿಕಲ್ ಆಂಟಿ ಸೀಝ್, ಒಂದು ಬುಷ್‌ಗೆ ಅಕ್ಕಿಕಾಳಿನಷ್ಟು. ಹೆಚ್ಚಾದರೆ ಮಸಿಗೆ ಅಂಟಾಗುತ್ತದೆ.

ಜೋಡಿಸುವುದು, ಪರೀಕ್ಷಿಸುವುದು

ಬರೆದಿಟ್ಟ ಅಳತೆಗೆ ರಾಡ್ ಹಾಕಿ. ಸೈಲೆನ್ಸರ್ ಇಳಿಸಿದ್ದರೆ ಗ್ಯಾಸ್ಕೆಟ್ ಹೊಸದೇ ಆಗಬೇಕು, ನಟ್ಟಿಗೆ ಆಂಟಿ ಸೀಝ್ ಹಚ್ಚಿ, ಟಾರ್ಕ್ ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿಯದ್ದು.

ಪಂಪಿನಿಂದ ಇಪ್ಪತ್ತು ಸಲ ತೆರೆದು ಮುಚ್ಚಿ. ಆಮೇಲೆ ಬಿಸಿ ಪರೀಕ್ಷೆ. ಅರ್ಧ ಗಂಟೆ ಓಡಿಸಿ ಬಂದು, ಬಿಸಿ ಆರುವ ಮೊದಲೇ ಟೇಲ್‌ಪೈಪಿನ ಎದುರು ಮೊಬೈಲ್ ಇಟ್ಟು ವೀಡಿಯೋ ಹಾಕಿ, ಸ್ಕ್ಯಾನರಿನಿಂದ ವಾಲ್ವ್ ಆಡಿಸಿ. ತಣ್ಣಗಿದ್ದಾಗ ಸರಿಯಿದ್ದು ಈಗ ತಡವರಿಸಿದರೆ ಬುಷ್‌ನಲ್ಲಿ ಇನ್ನೂ ಕಸ ಇದೆ, ಇಲ್ಲವೇ ಶಾಫ್ಟ್ ಬಾಗಿದೆ. ಎರಡು ಸುತ್ತು ಎಣ್ಣೆಗೂ ಬಗ್ಗದಿದ್ದರೆ ಬಾಗಿದೆ ಎಂದೇ ತಿಳಿಯಿರಿ.

ಬಾಗಿದ ಶಾಫ್ಟಿಗೂ ಸವೆದ ಬುಷ್‌ಗೂ ಹೊಸ ಸೈಲೆನ್ಸರ್ ಒಂದೇ ದಾರಿ ಅಲ್ಲ. ಒಳ್ಳೆಯ ಲೇತ್ ಮತ್ತು ಟಿಗ್ ವೆಲ್ಡಿಂಗ್ ಇರುವಲ್ಲಿ, ಬೈಕಂಪಾಡಿಯ ಕೈಗಾರಿಕಾ ಪ್ರದೇಶದಂಥ ಕಡೆ, ಹೊಸ ಬುಷ್ ಕಡೆದು ಹಾಕಿಸಬಹುದು. ಲೇತಿನವರು ಅಭ್ಯಾಸಬಲದಿಂದ ಸಂದೇ ಇಲ್ಲದಂತೆ ಬಿಗಿಯಾಗಿ ಕೂರಿಸಿ ಕೊಡುತ್ತಾರೆ, ಇಲ್ಲಿ ಅದು ತಪ್ಪು. 8 ಮಿ.ಮೀ. ಶಾಫ್ಟಿಗೆ ಸುಮಾರು 0.2 ಮಿ.ಮೀ. ಸಂದು ಬಿಡಲು ಹೇಳಿ. 304 ಸ್ಟೀಲಿಗೆ 304 ಸೇರಿಸುವುದಾದರೆ 308ಎಲ್ ಫಿಲ್ಲರ್, ಜಾತಿ ಬೇರೆಯಾದರೆ 309ಎಲ್. ಕಾರಿನ ಮೇಲೇ ವೆಲ್ಡ್ ಮಾಡಿಸುವುದಾದರೆ ಬ್ಯಾಟರಿ ಬಿಚ್ಚಿ, ಅರ್ಥ್ ಕ್ಲಾಂಪ್ ವೆಲ್ಡಿನ ಪಕ್ಕದಲ್ಲೇ ಇರಲಿ.

ಭಾಗ ಬರುವವರೆಗೆ ಗಾಡಿ ಓಡಿಸಲೇಬೇಕಾದರೆ ಡಬ್ಬಿಯ ಪೈಪ್ ಎಳೆದು, ಪೈಪಿನ ಬಾಯಿಗೆ ಸ್ಕ್ರೂ ತಿರುಗಿಸಿ ಮುಚ್ಚಿ. ತೆರೆದೇ ಬಿಟ್ಟರೆ ಎಂಜಿನ್ ಅಲ್ಲಿಂದ ಗಾಳಿ ಎಳೆಯುತ್ತದೆ. ವಾಲ್ವನ್ನು ತಂತಿ ಬಿಗಿದು ಮುಚ್ಚಿಡಬೇಡಿ. ತೆರೆದಿಟ್ಟು ಊರು ತಿರುಗುವುದು ಶಾಶ್ವತ ವ್ಯವಸ್ಥೆಯೂ ಅಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 190(2)ರಲ್ಲಿ ಶಬ್ದ ಮಾಲಿನ್ಯಕ್ಕೆ 2019ರ ತಿದ್ದುಪಡಿಯ ಬಳಿಕ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಉಂಟು.

ಮಳೆಗಾಲದಲ್ಲಿ ನಿಲ್ಲಿಸಿಡುವಾಗ

ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ನಿಂತೇ ಇದ್ದರೆ ವಾಲ್ವ್ ಮತ್ತೆ ಕಚ್ಚುತ್ತದೆ. ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ನಿಲ್ಲಿಸಿಡುವುದಕ್ಕಿಂತ ಕೆಟ್ಟದ್ದು, ನೀರು ತಯಾರಿಸಿ ಒಳಗೇ ಬಿಟ್ಟಂತೆ. ಹದಿನೈದು ದಿನಕ್ಕೊಮ್ಮೆಯಾದರೂ ಮಳೆ ಬಿಟ್ಟ ಹೊತ್ತು ನೋಡಿ ಮಂಗಳೂರಿನಿಂದ ಉಡುಪಿಯವರೆಗೆ ಹೋಗಿ ಬನ್ನಿ, ದಾರಿಯಲ್ಲಿ ಬಟನ್ ಹತ್ತಾರು ಸಲ ಒತ್ತಿ. ಅಷ್ಟೂ ಆಗದಿದ್ದರೆ ಡಬ್ಬಿಯ ಪೈಪಿಗೆ ಒಂದು ಟಿ ಜೋಡಿಸಿ, ಒಂದು ಬಾಯಿಗೆ ಮುಚ್ಚಳ ಹಾಕಿಟ್ಟರೆ ಎಂಜಿನ್ ಮುಟ್ಟದೆಯೇ ಕೈಪಂಪಿನಿಂದ ವಾರಕ್ಕೊಮ್ಮೆ ವಾಲ್ವ್ ಆಡಿಸಬಹುದು.

ಟೇಲ್‌ಪೈಪಿಗೆ ಬಟ್ಟೆ ತುರುಕುವುದಾದರೆ ಒಳಗು ಬಿಸಿಯಲ್ಲಿ ಒಣಗಿದ ಮೇಲೆಯೇ, ಮತ್ತು ಸ್ಟೀರಿಂಗಿಗೆ ಒಂದು ಕೆಂಪು ರಿಬ್ಬನ್ ಕಟ್ಟಿ, ಇಲ್ಲದಿದ್ದರೆ ಬಟ್ಟೆ ಮರೆತು ಸ್ಟಾರ್ಟ್ ಮಾಡುತ್ತೀರಿ. ಬೀಚಿನ ಕಡೆ ಹೋಗಿ ಬಂದ ದಿನ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ. ನದಿಬಾಯಿಯ ಹತ್ತಿರದ ಮನೆಗಳ ಬಾವಿ ನೀರು ಏಪ್ರಿಲ್, ಮೇ ತಿಂಗಳಲ್ಲಿ ಸವಳಾಗಿರುತ್ತದೆ. ಬಾಯಿಗೆ ಹಾಕಿ ನೋಡಿ, ಉಪ್ಪಾಗಿದ್ದರೆ ಆ ನೀರಿನಲ್ಲಿ ಕಾರು ತೊಳೆಯಬೇಡಿ, ನಳ್ಳಿ ನೀರು ಬರುವವರೆಗೆ ಕಾಯಿರಿ.